ಒಂಬತ್ತನೆಯ ಬೆಂಡಿನ ಅಂಗಿ

ಸ್ಯಾಂಡ್‌ಹೇವನ್ ಬಂದರಿನ ನಾವಿಕರ ಕ್ಲಬ್ಬಿನಲ್ಲಿ ಪ್ರತಿವರ್ಷ ನವೆಂಬರಿನ ಎರಡನೇ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ವಿಲ್ಫ್ರೆಡ್ ಗೆಜ್ ಎದ್ದು ನಿಂತು ಸುಳ್ಳು ಹೇಳಬೇಕು. ನಲವತ್ತೊಂದು ವರ್ಷದಿಂದ ಹೇಳುತ್ತ ಬಂದಿದ್ದಾನೆ. ಸುಳ್ಳಿಗೆ ತಲೆಬುಡ ಇರುವುದಿಲ್ಲ ಅನ್ನುತ್ತಾರೆ. ಇವನ ಸುಳ್ಳಿಗೆ ಗೋಡೆಯ ಮೇಲೆ ಚಿನ್ನದ ಅಕ್ಷರದ ಹಲಗೆಯೇ ಇತ್ತು.

ಸಾವಿರದ ಒಂಬೈನೂರ ಮೂವತ್ತೆಂಟರ ಬಿರುಗಾಳಿಯಲ್ಲಿ ನಾರ್ವೆಯ ಹಡಗೊಂದು ಮರಳುದಿಬ್ಬ ಹತ್ತಿ ಕೂತಿತ್ತು. ಆಗ ಊರಿನ ಕಟ್ಟಳೆ ಹೀಗೆ: ಹಡಗು ಅಪಾಯದಲ್ಲಿದೆ ಎಂದು ಸಾರುವ ಸಿಡಿಮದ್ದಿನ ಸದ್ದು ಕೇಳಿದ ಕೂಡಲೇ ಗಂಡಸರೆಲ್ಲ ದೋಣಿಮನೆಗೆ ಓಡಬೇಕು. ಗೂಟಕ್ಕೆ ತೂಗುಹಾಕಿದ, ನೀರಲ್ಲಿ ಮುಳುಗದಂತೆ ತೇಲಿಸುವ ಬೆಂಡಿನ ಅಂಗಿ ಯಾರ ಕೈಗೆ ಸಿಕ್ಕಿತೋ ಅವನಿಗೆ ರಕ್ಷಣಾ ದೋಣಿಯಲ್ಲಿ ಜಾಗ. ಅಂಗಿಯ ಅಂಕೆಯ ಮುಂದೆ ಗುಮಾಸ್ತ ಹೆಸರು ಬರೆದರೆ ಮುಗಿಯಿತು, ಅಳಿಸುವಂತಿಲ್ಲ.

ವಿಲ್ಫ್‌ಗೆ ಒಂಬತ್ತನೆಯದು ಸಿಕ್ಕಿತು. ಹೆಸರೂ ಬಿತ್ತು. ಹೊರಗೆ ಬಂದು ಅಲೆ ನೋಡಿದ್ದೇ ತಡ, ಬಾಗಿಲ ಕಂಬ ತಬ್ಬಿ ನಿಂತುಬಿಟ್ಟ. ಹಿಂದೆ ಓಡಿಬಂದ ಗೆಳೆಯ ಕ್ಲೆಮ್ ಲಾರ್ಟರ್ ಅವನ ಮೈಮೇಲಿನ ಅಂಗಿ ಬಿಚ್ಚಿ, ತಾನು ತೊಟ್ಟು ದೋಣಿ ಹತ್ತಿದ. ಹನ್ನೊಂದು ಜೀವ ಉಳಿದವು. ದೋಣಿಯ ಮಾತು ದಡಕ್ಕೆ ತರಬಾರದು ಎನ್ನುವುದು ಅಲ್ಲಿಯವರ ಇನ್ನೊಂದು ಕಟ್ಟಳೆ. ಜೊತೆಗಿದ್ದವರು ಯಾರೂ ಬಾಯಿ ಬಿಡಲಿಲ್ಲ. ಗುಮಾಸ್ತನ ಪಟ್ಟಿ ನೋಡಿ ಕ್ಲಬ್ಬಿನವರು ವಿಲ್ಫ್‌ನ ಹೆಸರು ಸೇರಿಸಿ ಹಲಗೆ ಬರೆಸಿದರು. ಎರಡು ವರ್ಷಕ್ಕೆ ಕ್ಲೆಮ್ ಯುದ್ಧದಲ್ಲಿ ಹಡಗಿನೊಂದಿಗೆ ಮುಳುಗಿದ. ಮಿಕ್ಕವರೂ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದ ವೀರ ಯಾರು ಅಂದರೆ, ಅಂಗಿ ಬಿಟ್ಟುಕೊಟ್ಟ ಈ ಮಹಾನುಭಾವ!

ಈ ವರ್ಷ ಮಾತ್ರ ವಿಲ್ಫ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಹೋದ ವಾರ ಡಾಕ್ಟರು ಅವನ ಎದೆ ಪರೀಕ್ಷೆ ಮಾಡಿ ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ತಾನು ಸತ್ತರೆ ಕ್ಲೆಮ್‌ನ ಹೆಸರು ಆ ಹಲಗೆ ಹತ್ತುವುದು ಎಂದೆಂದಿಗೂ ಇಲ್ಲ. ಇವತ್ತು ಹೇಳಿಯೇ ಬಿಡಬೇಕು.

ಅಧ್ಯಕ್ಷ ಪರ್ಸಿ ಮ್ಯಾಲೆಟ್ ಗಂಟೆ ಬಾರಿಸಿದ. "ಏಳಯ್ಯಾ ವಿಲ್ಫ್, ಪುಡಿಂಗ್ ತಿಂದು ಎಲ್ಲರಿಗೂ ನಿದ್ದೆ ಹತ್ತೋಕೆ ಮುಂಚೆ ಶುರುಮಾಡು!"

ವಿಲ್ಫ್ ಮೇಜು ಹಿಡಿದು ಎದ್ದ. "ನಾನು ಅವತ್ತು ಹೋಗಿರಲಿಲ್ಲ ಕಣ್ರೋ. ಹೆದರಿಬಿಟ್ಟೆ. ಹೋದೋನು ಕ್ಲೆಮ್ ಲಾರ್ಟರ್. ಹಲಗೆ ಮೇಲೆ ಇರಬೇಕಾದ್ದು ಅವನ ಹೆಸರು."

ಪರ್ಸಿಯ ಕಣ್ಣಲ್ಲಿ ನೀರು ಬಂತು. "ನೋಡ್ರಪ್ಪಾ! ಸತ್ತ ಗೆಳೆಯನಿಗೆ ತನ್ನ ಕೀರ್ತೀನೇ ಎತ್ತಿ ಕೊಡ್ತಿದಾನೆ! ಇದು ದೊಡ್ಡತನ ಅಂದ್ರೆ."

"ದೊಡ್ಡತನಾನೂ ಇಲ್ಲ, ಮಣ್ಣೂ ಇಲ್ಲ. ನಿಜ ಹೇಳ್ತಿದೀನಿ ಮಾರಾಯ!"

"ಪಟ್ಟೀಲಿ ನಿನ್ನ ಹೆಸರೇ ಇದೆಯಲ್ಲ, ಪಟ್ಟಿ ಸುಳ್ಳು ಹೇಳುತ್ತಾ? ಕೂತ್ಕೋ, ಕೂಗಾಡಿದ್ರೆ ಎದೆಗೆ ಒಳ್ಳೇದಲ್ಲ."

"ವಯಸ್ಸಾಯ್ತು, ಪಾಪ," ಎಂದ ಹಿಂದಿನ ಸಾಲಿನವನೊಬ್ಬ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿಲ್ಫ್ ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ ತಾನೆ? ಅವನು ಜನರ ನಡುವೆ ನುಸುಳಿ ಅಡುಗೆಮನೆಗೆ ಹೋದ.

ಕ್ಲಬ್ಬಿನ ಸಭಾಂಗಣದೊಳಗೆ ಹೆಂಗಸರಿಗೆ ಪ್ರವೇಶವಿಲ್ಲ, ಪಾತ್ರೆ ತೊಳೆಯುವುದಕ್ಕೆ ಅಡ್ಡಿಯಿಲ್ಲ. ಕ್ಲೆಮ್‌ನ ತಂಗಿ ಐವಿ ತೊಟ್ಟಿಯ ಮುಂದೆ ನಿಂತಿದ್ದಳು.

"ಐವಿ, ಕೇಳಿಸ್ತಾ?"

"ನಾನೇನು ಕಿವುಡೀನಾ? ನನಗೆ ಅವತ್ತೇ ಗೊತ್ತಿತ್ತು. ಮೈಯೆಲ್ಲ ನೀರು ಸುರಿಸ್ಕೊಂಡು ಬಂದು ನನಗೊಬ್ಬಳಿಗೆ ಎಲ್ಲಾ ಹೇಳಿದ ನಮ್ಮಣ್ಣ. 'ವಿಲ್ಫ್ ಈ ಊರಲ್ಲೇ ಬಾಳಬೇಕು, ನೀನು ಬಾಯಿ ಮುಚ್ಕೊಂಡಿರು' ಅಂದ. ಮುಚ್ಕೊಂಡಿದ್ದೆ."

ವಿಲ್ಫ್‌ಗೆ ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. "ಹಾಗಾದ್ರೆ ಬಾ, ನೀನೇ ಅವರಿಗೆ ಹೇಳು."

"ಪಾತ್ರೆ ತೊಳೆಯೋಳ ಮಾತು ನಂಬ್ತಾರಾ? ಮುದುಕನ ತಲೆ ಕೆಡಿಸಿದ್ದೇ ಇವಳು ಅಂತಾರೆ. ಅಷ್ಟು ವರ್ಷ ಹೇಳೀ ಹೇಳೀ ಗಟ್ಟಿ ಮಾಡಿಟ್ಟಿದೀಯ, ಈಗ ನಿನ್ನ ಕೈಲೂ ಒಡೆಯೋಕಾಗಲ್ಲ."

ವಿಲ್ಫ್ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ.

"ಅಳಬೇಡ, ಮೈಯೆಲ್ಲ ಉರಿಯುತ್ತೆ ನನಗೆ." ಐವಿ ಕೈ ಒರೆಸಿಕೊಂಡು ಬಾಗಿಲು ಹಾಕಿದಳು. "ಕೂತ್ಕೋ ಇಲ್ಲಿ. ನೀನು ಹೇಳೋ ಕಥೆ ಪೂರಾ ತಪ್ಪು. ವರ್ಷಾ ವರ್ಷಾ ಕೇಳಿಸ್ಕೊಂಡು ಹಲ್ಲು ಕಡಿದಿದೀನಿ. ಎದೆ ಸೆಟೆಸ್ಕೊಂಡು ಹೋದೆ ಅಂತೀಯಲ್ಲ! ಕ್ಲೆಮ್ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡ. ಆ ಹಡಗಿನ ಮುದಿ ಅಡುಗೆಯವನನ್ನ ದೋಣಿಗೆ ಎಳ್ಕೊಳ್ಳುವಾಗ ಕೈ ಜಾರಿ, ಅವನ ಕೂದಲು ಹಿಡಿದ. ವಾಪಸ್ ಬರೋವರೆಗೂ ಅವನ ಪಾದ ತನ್ನ ಕಂಕುಳಲ್ಲಿ ಇಟ್ಕೊಂಡು ಬೆಚ್ಚಗೆ ಮಾಡಿದ. ಇನ್ಮೇಲೆ ಇದನ್ನ ಹೇಳು."

"ಕ್ಲೆಮ್ ಹೀಗೆ ಮಾಡಿದ ಅಂತ..."

"ಅವನ ಹೆಸರೆತ್ತಿದ್ರೆ ಮತ್ತೆ ಚಪ್ಪಾಳೆ ಹೊಡೀತಾರೆ ಅಷ್ಟೆ. ನಾನು ಮಾಡಿದೆ ಅನ್ನು. ಹೆಸರು ಹೋಗದಿದ್ರೂ ನಮ್ಮಣ್ಣ ಮಾಡಿದ್ದಾದ್ರೂ ಆ ಸಭೆ ಒಳಗೆ ಹೋಗ್ಲಿ. ಬದುಕಿರೋವರೆಗೂ ಹೇಳಬೇಕು ನೀನು, ಬೇಗ ಸಾಯೋ ಹಾಗೂ ಇಲ್ಲ."

"ಅಷ್ಟೊಂದು ಆಗಲ್ಲ ಐವಿ, ನನ್ನ ಬಿಟ್ಟುಬಿಡು."

ಹೊರಗಿನಿಂದ ಫೋಟೋಗೆ ಬಾರೋ ಎಂದು ಪರ್ಸಿ ಬಾಗಿಲು ಬಡಿದ. "ತಾಳ್ರೀ!" ಎಂದು ಗದರಿದಳು ಐವಿ. ವಿಲ್ಫ್‌ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಹೂಂ, ಹೇಳು."

ವಿಲ್ಫ್ ಕಣ್ಣೊರೆಸಿಕೊಂಡ. "ದಾರಿಯುದ್ದಕ್ಕೂ ನಾನು ವಾಂತಿ ಮಾಡ್ಕೊಂಡೆ," ಎಂದು ಶುರುಮಾಡಿದ.