ನಕ್ಷೆಯ ಹಿಂಬದಿ

ಪ್ರತಿಭಾ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು. ಅಕ್ಷರ ಅಜ್ಜನದೇ. ನಲವತ್ತು ವರ್ಷವಾಗಿದ್ದರೂ ಪೆನ್ಸಿಲ್ಲಿನ ಬರಹ ಮಾಸಿರಲಿಲ್ಲ.

‘ಸ್ವಂತ ಮನೆ. ಒಬ್ಬನೇ ಮಗ. ನನ್ನ ಮಾತು ಮೀರುವವನಲ್ಲ. ಎರಡು.’

ಅವಳು ಬೆಚ್ಚಿ ತಲೆಯೆತ್ತಿ ಸೂರು ನೋಡಿದಳು. ಅವಳು ಕೂತಿದ್ದ ಆಫೀಸು ಅದೇ ಸ್ವಂತ ಮನೆಯ ಕೆಳ ಅಂತಸ್ತು. ಅದರ ಮೇಲೆ ಅವಳ ಮನೆಯವರ ವಾಸ, ಅದರ ಮೇಲೆ ಬಾಡಿಗೆಗಿದ್ದ ಮೊಯಿನುದ್ದೀನನ ಮನೆ, ಎಲ್ಲಕ್ಕಿಂತ ಮೇಲೆ ಅವನ ತಮ್ಮ ಅಜ್ಜುವಿನ ಮನೆ. ಒಟ್ಟು ನಾಲ್ಕು ಅಂತಸ್ತು.

ಅವಳು ಯಾಕೆ ಹಾಗೆ ಬೆಚ್ಚಿದಳೆಂದು ತಿಳಿಯಬೇಕಾದರೆ ಅಜ್ಜ ಗುರುಪಾದಪ್ಪನವರ ಕೆಲಸದ ರೀತಿ ತಿಳಿದಿರಬೇಕು. ಬಾದಾಮಿ ಕಡೆಯಿಂದ ಬಂದವರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು ಬರೆದು ಬೇಸತ್ತು, ಯಲಹಂಕದ ಹಳೇ ಊರಿನಲ್ಲಿ ಒಂದು ಮೇಜು ಹಾಕಿಕೊಂಡು ಮನೆಗಳ ನಕ್ಷೆ ಬರೆಯಲು ಕೂತರು. ಕಟ್ಟಡದ ವಿದ್ಯೆಯನ್ನು ಕಾಲೇಜಿಗೆ ಹೋಗಿ ಕಲಿತವರಲ್ಲ. ಮೇಸ್ತ್ರಿಗಳ ಜೊತೆ ಬಿಸಿಲಲ್ಲಿ ನಿಂತು ಕಲಿತವರು. ಮಗ ಶಿವಪುತ್ರ ಎಂಜಿನಿಯರ್ ಆದದ್ದು, ಮೊಮ್ಮಗಳು ಪ್ರತಿಭಾ ಆರ್ಕಿಟೆಕ್ಟ್ ಆದದ್ದು ಆಮೇಲಿನ ಮಾತು.

ಮನೆ ಕಟ್ಟಿಸುವವರು ಬಂದರೆ ಅಜ್ಜ ಟೀ ತರಿಸಿ ಮಾತಿಗೆ ಕೂರಿಸುತ್ತಿದ್ದರು. ಎಷ್ಟು ಅಂತಸ್ತು ಎಂದು ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: “ಒಂದೇ ಸಾಕು ಸಾರ್, ತಲೆ ಮೇಲೊಂದು ಸೂರು.” ಅಜ್ಜ ತಲೆಯಾಡಿಸುವರು. ಬಂದವರು ಆಚೆ ಹೋದ ಮೇಲೆ ನಕ್ಷೆಯನ್ನು ತಿರುವಿ, ಹಿಂಬದಿಯಲ್ಲಿ ನಿಜ ಬರೆಯುವರು. ‘ಮುನಿನಾರಾಯಣಪ್ಪ, ಕೋಗಿಲು. ಒಂದೇ ಸಾಕು ಅಂದ. ಹೆಂಡತಿ ನಕ್ಕಳು. ಮೂರು.’ ‘ನೀಲಕ್ಕ, ಚಿಕ್ಕಜಾಲ. ಎರಡು ಅಂದಳು. ಅಳಿಯ ಪಕ್ಕದಲ್ಲೇ ಕೂತು ಕೆಮ್ಮಿದ. ನಾಲ್ಕು.’ ಪಾಯ ಹಾಕಿಸುತ್ತಿದ್ದದ್ದು ಈ ಹಿಂಬದಿಯ ಸಂಖ್ಯೆಗೆ. ಯಾಕೆ ಸಾರ್ ಇಷ್ಟಗಲ ಅಂದರೆ, “ನಿಮ್ಮ ಮಣ್ಣು ಮೆತ್ತಗೈತ್ರೀ” ಅಂದುಬಿಡುವರು. ಹತ್ತು ವರ್ಷದ ಮೇಲೆ ಅದೇ ಜನ ಇನ್ನೊಂದು ಅಂತಸ್ತು ಏರಿಸಲು ಬಂದಾಗ, ಅಜ್ಜನಿಗೆ ಅವರೆದುರೇ ಹಾಳೆ ತಿರುವಿ ನೋಡಿದರೆ ಸಾಕಿತ್ತು. ಒಂದು ಮನೆಯ ಗೋಡೆಯೂ ಸೀಳಿರಲಿಲ್ಲ.

ಆಫೀಸಿಗೆ ನಲವತ್ತೈದು ವರ್ಷವಾಯಿತೆಂದು ಪ್ರತಿಭಾ ಒಂದು ಪುಟ್ಟ ಪುಸ್ತಕ ಮಾಡಹೊರಟಿದ್ದಳು. ಹಳೇ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡುತ್ತ, ನೀಲಕ್ಕನ ನಕ್ಷೆಯ ಸುರುಳಿ ಬಿಚ್ಚಿದಾಗ ಒಳಗಿಂದ ಸ್ವಂತ ಮನೆಯ ಈ ಹಾಳೆ ಜಾರಿ ಬಿತ್ತು.

ಹಿತ್ತಲಲ್ಲಿ ಮೋಟರ್ ಓಡುತ್ತಿತ್ತು. ತಾರಸಿಯ ಟ್ಯಾಂಕಿಗೆ ನೀರು ಏರುತ್ತಿತ್ತು. ದಿನಾ ಕೇಳುವ ಸದ್ದು. ಪ್ರತಿಭಾ ಓಡಿಹೋಗಿ ಸ್ವಿಚ್ಚು ಆರಿಸಿದಳು. ಯಾಕೆ ಆರಿಸಿದೆನೆಂದು ಅವಳಿಗೇ ಆ ಕ್ಷಣ ಗೊತ್ತಿರಲಿಲ್ಲ.

ಶಿವಪುತ್ರ ಸೈಟಿನಿಂದ ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಹಾಳೆ ಅವರ ಕೈಗೆ ಬಂತು.

“ನೋಡು ನಿಮ್ಮಜ್ಜಾರಿಗೆ ನನ್ ಮೇಲೆ ಎಷ್ಟು ನಂಬ್ಕೆ!” ನಕ್ಕರು.

“ಕೊನೇ ಪದ ಓದಿ ಅಪ್ಪಾಜಿ.”

ನಗು ಮುಖದ ಮೇಲೇ ಒಣಗಿತು. “ಎರಡು ಅಂದ್ರೆ… ಮೇಲೆ ಇನ್ನೆರಡು ಅಂತಿರ್ಬೇಕು ಕಣವ್ವಾ.”

“ಒಂಬೈನೂರು ಚಿಲ್ರೆ ಹಾಳೆ ನೋಡಿದೀನಿ. ಒಂದ್ರಲ್ಲಾದ್ರೂ ಹಂಗೆ ಬರ್ದಿದಾರಾ?”

“ಊರಿಗೆಲ್ಲ ಗಟ್ಟಿ ಪಾಯ ಹಾಕ್ಸಿದೋರು ಸ್ವಂತ ಮನೆಗೆ ಕಮ್ಮಿ ಹಾಕ್ತಾರಾ? ಒಳ್ಳೇ ಮಾತು!”

“ನೀವು ನೋಡಿದ್ರಾ? ಮೇಲಿನ ಎರಡು ಅಂತಸ್ತು ಕಟ್ಟೋವಾಗ ಅಗೆಸಿ ನೋಡಿದ್ರಾ?”

ಶಿವಪುತ್ರ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟರು. ಬೇರೆಯವರ ಮನೆಯಾದರೆ, ಹಾಳೆ ನೋಡಿದ ಮೇಲೂ ಒಂದು ಮೂಲೆ ಅಗೆಸಿ, ಟೇಪು ಹಿಡಿದು ಅಳೆಯದೆ ಸಹಿ ಹಾಕದ ಮನುಷ್ಯ.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಪಿಳ್ಳಣ್ಣ ಹಾರೆ ಸಮೇತ ಬಂದ. “ನಿಮ್ಮನೇನೇ ಅಗೆಯೋದಾ? ಡಾಕುಟ್ರು ತಮಗ್ ತಾವೇ ಸೂಜಿ ಚುಚ್ಕೊಂಡಂಗಾಯ್ತು ಬುಡಿ!”

ಮುಂದಿನ ಮೂಲೆಯ ಕಂಬದ ಪಕ್ಕ ಟೈಲ್ಸ್ ಕಿತ್ತು ಗುಂಡಿ ತೋಡಿದ. ಎದೆಮಟ್ಟ ಆಳಕ್ಕೆ ಇಳಿದಾಗ ಶಿವಪುತ್ರ ಮೇಲಿನಿಂದ ಹೇಳಿದರು: “ಕಂಬದಿಂದ ಎರಡೂವರೆ ಅಡಿ ಆಚೆ ಹಾರೆ ಹಾಕು, ನಾಲ್ಕಂತಸ್ತಿನ ಪಾಯ ಅಲ್ಲೀವರ್ಗೂ ಬರ್ಬೇಕು. ಕಾಂಕ್ರೀಟು ಸಿಕ್ಕಿದ್ರೆ ನಿನ್ಗೆ ಬಿರಿಯಾನಿ.”

ಹಾರೆ ಮಣ್ಣಿಗೆ ಇಳಿಯಿತು.

“ಎರಡಡಿಗೆ ಹಾಕು.”

“ಮಣ್ಣೇ ಅಣ್ಣಾ.”

ಪಿಳ್ಳಣ್ಣ ಹಾರೆಯನ್ನು ಇಂಚಿಂಚಾಗಿ ಕಂಬದ ಕಡೆ ಸರಿಸಿದ. ಒಂದೂವರೆ ಅಡಿಗೆ ಬಂದಾಗ ಟಣ್ ಅಂದಿತು. ಮೂವರೂ ಆ ಸದ್ದು ಕೇಳಿದರು. ಯಾರೂ ಟೇಪು ಹಿಡಿಯಲಿಲ್ಲ.

ಶಿವಪುತ್ರ ಗುಂಡಿಯ ಅಂಚಿನಲ್ಲಿ ಕೂತರು. ಬೆಂಗಳೂರಿನ ಮಾತೆಲ್ಲ ಬಾಯಿಂದ ಹಾರಿಹೋಗಿತ್ತು. “ಅಪ್ಪಾರು ಹೇಳಿದ್ರವ್ವಾ. ದವಾಖಾನ್ಯಾಗ ಇದ್ದಾಗ. ಶಿವ್ಯಾ, ನಮ್ಮ ಮನಿ ಮ್ಯಾಲ ಏನೂ ಏರಸಬ್ಯಾಡ ಅಂದ್ರು. ಬಾಡಿಗಿ ಮಂದಿ ಗದ್ಲ ಬ್ಯಾಡ ಅಂತಾರ ಅನ್ಕೊಂಡೆ. ಹೂಂ ಅಂದೆ. ವರ್ಷ ತುಂಬೂದ್ರಾಗ ಏರಿಸಿದೆ.”

ಅಪ್ಪ ತಲೆಯೆತ್ತಿ ಬೀದಿಯ ಕಡೆ ನೋಡಿದರು, ಆಮೇಲೆ ಬಾಗಿಲ ಮೇಲಿನ ಆಫೀಸಿನ ಬೋರ್ಡಿನ ಕಡೆ. ದನಿ ತಗ್ಗಿಸಿದರು. “ಪಿಳ್ಳಣ್ಣ, ಮೇಲೊಂದು ಹಲಗೆ ಮುಚ್ಚು. ಸದ್ದಿಲ್ದೆ ಒಂದೊಂದೇ ಕಂಬಕ್ಕೆ ಪಾಯ ಅಗಲ ಮಾಡ್ಸೋಣ. ಗೊತ್ತಾದ್ರೆ ಈ ಊರಲ್ಲಿ ನಮ್ಮತ್ರ ಯಾರು ಬರ್ತಾರೆ?”

“ಅದು ಎರಡು ಮೂರು ತಿಂಗಳ ಕೆಲ್ಸ ಅಪ್ಪಾಜಿ. ಅಲ್ಲೀವರ್ಗೂ ಒಂಬತ್ತು ಜನ ಮೇಲೇ ಇರ್ಲಾ?”

ಅಷ್ಟರಲ್ಲಿ ಮೊಯಿನುದ್ದೀನ್ ಮೆಟ್ಟಿಲಿಳಿದು ಬಂದ. “ಸಾರ್, ಸಿಕ್ಕಿದ್ರಿ. ಬಾತ್‌ರೂಮ್ ಬಾಗಿಲು ಮತ್ತೆ ಹಿಡೀತಾ ಇದೆ. ನನ್ ಹೆಂಡ್ತಿ ಮಲ್ಕಾ ಒಳಗಡೆ ಅರ್ಧ ಗಂಟೆ ಸಿಕ್ಕಾಕ್ಕೊಂಡಿದ್ಲು, ಬೈಗುಳ ಎಲ್ಲಾ ನನಗೇ. ಮೂರು ಸಲ ಉಜ್ಜಿಸಿದ್ರಿ. ಇನ್ನೊಂದ್ಸಲ ಉಜ್ಜಿದ್ರೆ ಬಾಗಿಲೇ ಇರಲ್ಲ, ಪರದೆ ಹಾಕ್ಬೇಕಷ್ಟೆ!”

ಮೂರು ಮಳೆಗಾಲದಿಂದ ಅಪ್ಪ ಆ ಬಾಗಿಲಿಗೆ ಒಂದೇ ಮಾತು ಹೇಳುತ್ತಿದ್ದರು: ಮಳೆಗೆ ಮರ ಹಿಗ್ಗಿದೆ. ಪ್ರತಿಭಾಳೂ ನಂಬಿದ್ದಳು. ಮರ ಹಿಗ್ಗಿರಲಿಲ್ಲ. ಕೆಳಗೆ ಪಾಯ ಕುಸಿಯುತ್ತ ಚೌಕಟ್ಟು ವಾಲುತ್ತಿತ್ತು.

ಶಿವಪುತ್ರ ಬಾಯಿ ತೆರೆದರು. “ಮಳೆಗೆ…” ಅಂದರು. ಮುಂದಕ್ಕೆ ಬರಲಿಲ್ಲ. ಮೊಯಿನುದ್ದೀನ್ ಗುಂಡಿಯನ್ನು ನೋಡಿದ, ಪಿಳ್ಳಣ್ಣನನ್ನು ನೋಡಿದ, ನಗು ನಿಲ್ಲಿಸಿದ.

“ತಪ್ಪು ಬಾಗಿಲದ್ದಲ್ಲ ಮೊಯಿನುದ್ದೀನ್,” ಶಿವಪುತ್ರ ಎದ್ದು ನಿಂತರು. “ನಂದು. ಎಲ್ರನ್ನೂ ಕೆಳಗೆ ಕರ್ಕೊಂಡ್ ಬಾ. ಅಜ್ಜು ಮನೆಯವರನ್ನೂ. ಸಾಮಾನು ಆಮೇಲೆ.”

“ಏನಾಯ್ತು ಸಾರ್?”

“ಹೇಳ್ತೀನಿ. ಮೊದ್ಲು ಇಳೀರಿ. ಮಕ್ಕಳು ಮುಂದೆ.”

ಜನ ಇಳಿಯುತ್ತಿದ್ದರು, ಶಿವಪುತ್ರ ಹತ್ತುತ್ತಿದ್ದರು. ಅರವತ್ತೈದರ ಮನುಷ್ಯ, ಎಲ್ಲೂ ನಿಲ್ಲದೆ ತಾರಸಿಗೆ ಹೋಗಿ ಟ್ಯಾಂಕಿನ ವಾಲ್ವು ಪೂರ್ತಿ ತಿರುಗಿಸಿದರು. ಐದು ಸಾವಿರ ಲೀಟರ್, ಐದು ಟನ್ ಭಾರ. ನೀರು ಕೊಳವೆಯಿಂದ ಧೋ ಎಂದು ಬೀದಿಗೆ ಸುರಿಯಿತು.

ಎದುರು ಮನೆಯ ಸೊಣ್ಣಮ್ಮ ಪೊರಕೆ ಹಿಡಿದೇ ಆಚೆ ಬಂದಳು. “ಯಾಕಪ್ಪಾ ಶಿವಪುತ್ರಪ್ಪಾ, ತಲೆಗಿಲೆ ಕೆಟ್ಟೈತಾ? ನಮಗೆ ಕೊಡ ನೀರಿಗೆ ಗತಿ ಇಲ್ಲ, ನೀನು ಇಂಗೆ ಬೀದಿಗೆ ಸುರೀತೀಯಲ್ಲಾ!”

ಇಡೀ ಬೀದಿ ತಲೆಯೆತ್ತಿತು. ಅಪ್ಪ ಪೈಪು ಒಡೆದಿದೆ ಅಂದುಬಿಡಬಹುದಿತ್ತು.

“ಪಾಯ ಸಾಲ್ದು ಸೊಣ್ಣಮ್ಮಾ!” ಅಪ್ಪನ ಕೂಗು ಮೇಲಿನಿಂದ ಬಂತು. “ನಾನು ಏರ್ಸಿದ ಮನೆಗೆ ಪಾಯ ಸಾಲ್ದು! ಭಾರ ಇಳಿಸ್ತಾ ಇದೀನಿ!”

ಸೊಣ್ಣಮ್ಮ ನಿಧಾನವಾಗಿ ಹಿಂದಿರುಗಿ, ತನ್ನ ಮೂರಂತಸ್ತಿನ ಮನೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ಪೊರಕೆ ಕೈಯಿಂದ ಜಾರಿತ್ತು. ನೀರು ದಾಟಿಕೊಂಡು ಬಂದು ಪ್ರತಿಭಾಳ ತೋಳು ಹಿಡಿದಳು.

“ನಿಮ್ಮಜ್ಜನೇ ಕಣವ್ವಾ ನಮ್ಮನೇಗೂ ಬರ್ದಿದ್ದು. ಹಾಳೆ ತೆಗೀ. ಅದ್ರ ಇಂದೆ ಏನ್ ಬರ್ದವ್ರೆ ನೋಡಿ ಹೇಳು.”

ಆ ಹಾಳೆ ಪ್ರತಿಭಾಗೆ ಬಾಯಿಪಾಠವಿತ್ತು. ‘ಸೊಣ್ಣಮ್ಮ. ಒಂದು ಅಂದಳು. ಬಾಯಿ ಜೋರು, ಆಸೆಯೂ ಜೋರು. ನಾಲ್ಕು.’ ಹೇಳಲು ಹೊರಟವಳ ಕಣ್ಣು ಗುಂಡಿಯ ಮೇಲೆ ಬಿತ್ತು.

“ಹಾಳೆ ನೋಡಿ ಹೇಳಲ್ಲ ಸೊಣ್ಣಮ್ಮ,” ಅಂದಳು. “ಪಿಳ್ಳಣ್ಣಾ, ಹಾರೆ ತಗೊಂಡ್ ಬಾ.”