ಆನೆಯ ಹಿಂದಿನ ಮನೆ

"ನಿನ್ನ ಮನೆ ಆನೆ ಹಿಂದೆ ಇದ್ರೆ ಅದು ನನ್ನ ತಪ್ಪೇನೇ? ಅರ್ಧ ಗಂಟೆ ಲೇಟು. ದರಿದ್ರ ಮುಂಡೇವು, ಹೊತ್ತಿಗೆ ಸರಿಯಾಗಿ ಹುಟ್ಟೋಕೂ ಬರಲ್ಲ ನಿಮಗೆ."

ಹೋಟೆಲಿನ ಮ್ಯಾನೇಜರ್ ಬಟ್ಟೆ ಒಗೆಯುವ ಕೋಣೆಯ ಹೊಸ್ತಿಲಾಚೆ ನಿಂತೇ ಬೈದ. ಒಳಗೆ ಬಂದರೆ ಬೂಟು ನೆನೆಯುತ್ತದೆ. ಬಿಳಿಯಕ್ಕ ತಲೆ ಎತ್ತದೆ ಹನ್ನೆರಡನೇ ನಂಬರ್ ರೂಮಿನ ಹಾಸುಬಟ್ಟೆಯ ಕಲೆಗೆ ಸೋಪು ತಿಕ್ಕುತ್ತಿದ್ದಳು. ಆಕೆ ಆರಿದ ಇದ್ದಿಲಿನಷ್ಟು ಕಪ್ಪು. ಅವಳ ಕೈಗೆ ಬಿದ್ದ ಬಟ್ಟೆ ಕೊಕ್ಕರೆಯ ರೆಕ್ಕೆಯಂತಾಗುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

"ಆನೇನ ತಂದು ಬಾಗಿಲಿಗೆ ಕಟ್ಟಿದ್ದು ನೀವೇ ಅಲ್ವಾ ಸಾರ್," ಎಂದಳು. "ಹನ್ನೊಂದರ ತನಕ ಹೊರಗೆ ಬರಬೇಡಿ ಅಂತೀರ. ಹತ್ತೂವರೆಗೆ ಕೆಲಸಕ್ಕೆ ಬಾ ಅಂತೀರ. ನಾನೇನು ಹೊಗೇನಾ, ಹೆಂಚಿನ ಸಂದೀಲಿ ಬರೋಕೆ?"

"ಬಾಯಿ ನೋಡು ಬೋಳಿಮಗಳದ್ದು," ಎಂದು ಗೊಣಗುತ್ತ ಅವನು ಹೋದ.

ವಿಷಯ ಇಷ್ಟೆ. ಹೋಟೆಲಿನ ಮುಂದೆ ಆಳೆತ್ತರದ ಬೋರ್ಡು ಇತ್ತು: ಅರಮನೆಗೆ ಎರಡು ನಿಮಿಷ, ರಾಜರ ಸಮಾಧಿಗೆ ನಾಲ್ಕು, ರಾಣಿಯ ಕೊಳಕ್ಕೆ ಐದು. ಸುಳ್ಳೇನಲ್ಲ. ಆದರೆ ಆ ನಿಮಿಷಗಳೆಲ್ಲ ಬಿಳಿಯಕ್ಕನ ಓಣಿಯಲ್ಲೇ ನಡೆದು ಹೋಗಬೇಕು. ದೊಡ್ಡ ರಸ್ತೆ ಹಿಡಿದರೆ ಅರ್ಧ ಗಂಟೆ. ನೀರು ಹೊರುವವರು, ಲಾಳ ಹೊಡೆಯುವವರು, ಕಕ್ಕಸು ಬಳಿಯುವವರು ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿರಲಿ ಎಂದು ಯಾವನೋ ರಾಜ ಕೂರಿಸಿದ ಓಣಿ ಅದು. ರಾಜ ಹೋದ, ಓಣಿ ಉಳಿಯಿತು. ಹೋದ ತಿಂಗಳು ಅತಿಥಿಯೊಬ್ಬರು, ರೂಮು ಚೆನ್ನಾಗಿದೆ, ಊಟ ಚೆನ್ನಾಗಿದೆ, ದಾರಿಯಲ್ಲಿ ಬಡವರಿದ್ದಾರೆ ಎಂದು ಬರೆದಿಟ್ಟು ಹೋದರಂತೆ. ವಾರದೊಳಗೆ ಓಣಿಯ ಎರಡೂ ಬದಿಗೆ ಬೊಂಬು ನೆಟ್ಟು, ಮನೆಗಳೇ ಕಾಣದಂತೆ ದಪ್ಪ ಬಟ್ಟೆಯ ಪರದೆ ಕಟ್ಟಿದರು. ಪರದೆಯ ತುಂಬ ರಾಜನ ಮೆರವಣಿಗೆಯ ಚಿತ್ರ. ಬಿಳಿಯಕ್ಕನ ಬಾಗಿಲಿಗೆ ಆನೆ ಬಂತು, ಪಕ್ಕದ ಚಪ್ಪಲಿ ಹೊಲಿಯುವವನಿಗೆ ಕುದುರೆ. ಎದುರುಮನೆಯ ಸೂಲಗಿತ್ತಿಗೆ ರಾಣಿಯ ಪಲ್ಲಕ್ಕಿಯೇ ಸಿಕ್ಕಿತೆಂದು ಇವರಿಬ್ಬರಿಗೂ ಎರಡು ದಿನ ಹೊಟ್ಟೆಕಿಚ್ಚು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಆರು, ಅತಿಥಿಗಳು ಓಡಾಡುವ ಹೊತ್ತು. ಆಗ ಯಾರೂ ಪರದೆ ಎತ್ತಕೂಡದು. ಕಾಯಲು ಒಬ್ಬ ವಾಚ್‌ಮನ್. ಓಣಿಯ ಅರ್ಧ ಜನ ಹೋಟೆಲಿನ ಅನ್ನ ತಿನ್ನುವವರು, ಹೀಗಾಗಿ ಬಾಯಿ ಮುಚ್ಚಿಕೊಂಡರು.

ಬಿಳಿಯಕ್ಕನ ಅತ್ತೆ ಮಾತ್ರ ಮುಚ್ಚಲಿಲ್ಲ.

"ಹಗಲೊತ್ತಲ್ಲಿ ದೀಪ ಹಚ್ಕೊಂಡು ಕೂತಿದೀನಿ ಕಣೇ. ಆ ರಾಜನ ವಂಶ ನಿರ್ವಂಶ ಆಗ."

"ಅದು ಆಗಿ ಎಷ್ಟೋ ಕಾಲ ಆಯ್ತು ಅತ್ತೆ."

"ಇನ್ನೊಂದ್ಸಲ ಆಗ್ಲಿ."

ಮ್ಯಾನೇಜರ್ ಬೈದ ದಿನ ಸಂಜೆ ಬಿಳಿಯಕ್ಕ ಮನೆಗೆ ಬಂದಾಗ ದೀಪ ಹಚ್ಚಿರಲಿಲ್ಲ. ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಒಳಗಿನ ಹಗ್ಗದ ಮೇಲೆ ಅವಳ ಸೀರೆ ತೊಟ್ಟಿಕ್ಕುತ್ತಿತ್ತು. ನಡೆದದ್ದನ್ನು ಚಪ್ಪಲಿ ಹೊಲಿಯುವವನು ಗೋಡೆಯಾಚೆಯಿಂದ ಹೇಳಿದ. ಓಣಿಗೆಲ್ಲ ಇರುವುದು ತುದಿಯಲ್ಲಿ ಒಂದೇ ಕಕ್ಕಸು. ನಾಲ್ಕೂವರೆಗೆ ಮುದುಕಿಗೆ ಹೊಟ್ಟೆ ಕೆಟ್ಟು ಪರದೆ ಎತ್ತಲು ಹೋದಾಗ, ವಾಚ್‌ಮನ್ ಬಟ್ಟೆಯ ಅಂಚನ್ನು ಬೂಟುಗಾಲಲ್ಲಿ ಒತ್ತಿ ಹಿಡಿದನಂತೆ. "ಸ್ವಲ್ಪ ತಡ್ಕೋ ಅಜ್ಜಿ, ಫೋಟೋ ತೆಗೀತಿದಾರೆ." ಫೋಟೋ ಮುಗಿಯುವವರೆಗೆ ಎಪ್ಪತ್ತು ದಾಟಿದ ದೇಹ ತಡೆಯಲಿಲ್ಲ.

"ಕಂಡೋರ ಹಾಸಿಗೆಯೆಲ್ಲ ನೀನು ಒಗೀತೀಯ," ಅತ್ತೆ ಗೋಡೆಗೇ ಹೇಳಿದಳು. "ಇದನ್ನ ನಾನೇ ಒಗ್ಕೊಂಡೆ. ಬೈಬೇಡ."

ಇಪ್ಪತ್ತು ವರ್ಷದಿಂದ ದಿನಕ್ಕೆ ಮೂರು ಸಲ ಸೊಸೆಗೆ ಶಾಪ ಹಾಕದೆ ಉಂಡವಳಲ್ಲ ಅತ್ತೆ. ಅವತ್ತು ಯಾರಿಗೂ ಹಾಕಲಿಲ್ಲ. ಬಿಳಿಯಕ್ಕನಿಗೆ ಹೆದರಿಕೆಯಾದದ್ದು ಅದಕ್ಕೇ.

ಮರುದಿನ ಒಂಬತ್ತೂವರೆಗೆ ಮ್ಯಾನೇಜರ್ ಖುದ್ದಾಗಿ ಹತ್ತು ಹನ್ನೆರಡು ಅತಿಥಿಗಳನ್ನು ಕರೆತಂದ. ಆನೆಯ ಮುಂದೆ ನಿಂತು, "ಹೇಗಿದೆ ನೋಡಿ, ಜೀವ ಇರೋ ಹಾಗೇ ಇದೆ," ಎಂದ.

ಆನೆಯ ಹೊಟ್ಟೆಯಿಂದ ಕತ್ತರಿಯ ತುದಿ ಹೊರಬಂತು.

ಮುಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಹಳೆಯ ಹಾಸುಬಟ್ಟೆಯಲ್ಲಿ ದಿಂಬಿನ ಚೀಲ ಕತ್ತರಿಸುವಾಗಿನಂತೆ ಕತ್ತರಿ ಒಂದಿಷ್ಟೂ ಸೊಟ್ಟಗಾಗದೆ ಮೇಲಿಂದ ನೆಲದವರೆಗೆ ಬಂತು. ಸೀಳಿನಿಂದ ಮೊದಲು ನೀರಿನ ತಂಬಿಗೆ ಹೊರಬಂತು, ಆಮೇಲೆ ಅತ್ತೆ ಬಂದಳು. ಇದೂ ಮೆರವಣಿಗೆಯದೇ ಆಟವೆಂದುಕೊಂಡು ಅತಿಥಿಯೊಬ್ಬರು ಚಪ್ಪಾಳೆ ತಟ್ಟಿದರು.

"ಏ ಮುದುಕಿ, ಒಳಗೆ ಹೋಗು," ಮ್ಯಾನೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಿನ್ನ ಅರಮನೆಗೆ ಎರಡು ನಿಮಿಷ ಅಲ್ವೇನೋ ಮಗಾ? ನನ್ನ ಅರಮನೆಗೂ ಅಷ್ಟೇ ಇರೋದು. ಜಾಗ ಬಿಡು, ಮುಂಡೇಗಂಡ. ಇಲ್ದಿದ್ರೆ ನಿನ್ನ ಬೂಟಿನ ಮೇಲೇ ಆಗುತ್ತೆ."

ಅವನು ಜಾಗ ಬಿಟ್ಟ. ಅತಿಥಿಗಳೂ ಎರಡು ಸಾಲಾಗಿ ಸರಿದು ನಿಂತರು. ಅತ್ತೆ ಯಾವ ಅವಸರವೂ ಇಲ್ಲದೆ ನಡುವೆ ನಡೆದುಹೋದಳು.

ಬಿಳಿಯಕ್ಕ ಕತ್ತರಿ ಹಿಡಿದೇ ಹೊರಗೆ ಬಂದಳು.

"ನಿನ್ನ ಕೆಲಸ ಇವತ್ತಿಗೆ ಮುಗೀತು ಕಣೇ. ಪೊಲೀಸ್ ಕರೆಸ್ತೀನಿ."

ಈ ಕೆಲಸ ಬಿಟ್ಟರೆ ಮನೆಗೆ ಇನ್ನೊಂದು ಸಂಪಾದನೆಯಿರಲಿಲ್ಲ. ಆದರೂ ಬಾಯಿ ತನ್ನ ಪಾಡಿಗೆ ತಾನು ಆಡಿತು: "ಕರೆಸಿ ಸಾರ್. ಹನ್ನೊಂದರ ಮೇಲೆ ಬರೋಕೆ ಹೇಳಿ."

ಅಷ್ಟರಲ್ಲಿ ಪಕ್ಕದ ಪರದೆ ಅಲುಗಾಡಿತು. ಒಳಗಿನಿಂದ ಚಪ್ಪಲಿ ಹೊಲಿಯುವವನ ದನಿ ಬಂತು.

"ಬಿಳಿಯಕ್ಕ, ಈ ಕುದುರೆ ಹೊಟ್ಟೆ ಎಲ್ಲಿ ಬರುತ್ತೆ? ಒಳಗಿಂದ ಏನೂ ಕಾಣಲ್ಲ."

ಅವಳು ಮ್ಯಾನೇಜರನ ಮುಖವನ್ನೇ ನೋಡುತ್ತ ಕುದುರೆಯ ಪಕ್ಕೆಗೆ ಎರಡು ಸಲ ತಟ್ಟಿದಳು.

"ಇಲ್ಲಿ ನೋಡಣ್ಣ."

ಚರ್ಮ ಕೊಯ್ಯುವ ಚೂರಿ ಅವಳ ಕೈಯ ಪಕ್ಕದಲ್ಲೇ ಹೊರಗೆ ಇಣುಕಿತು.