ಅತ್ತರೆ ರೆಕ್ಕೆ ಒದ್ದೆಯಾಗುತ್ತದೆ

ಎಲೀದಾ ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ಆರು ವರ್ಷದ ಹುಡುಗಿ. ಮೊದಲೆಲ್ಲ ಕೆಸರಿನ ಮೇಲೆ ಹಾಸಿದ ನಮ್ಮ ಕೇರಿಯ ಹಲಗೆದಾರಿಯಲ್ಲಿ ಅವಳಿಗಿಂತ ಮುಂಚೆ ಅವಳ ದನಿ ಬರುತ್ತಿತ್ತು. ಈಗ ಮನೆಯ ಮೆಟ್ಟಿಲ ಮೇಲೆ ಕೂತು, ಉಪ್ಪುನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಕಾಡಿನ ಕಡೆಗೇ ನೋಡುತ್ತಿದ್ದಳು. ತಟ್ಟೆಯಲ್ಲಿದ್ದ ಬೇಯಿಸಿದ ಬಾಳೆಕಾಯಿ ಹಾಗೇ ಒಣಗುತ್ತಿತ್ತು.

ಹತ್ತು ದಿನದ ಹಿಂದೆ ಅವಳ ತಮ್ಮ ಹೈರೋ ತೀರಿಕೊಂಡಿದ್ದ. ನಾಲ್ಕು ತಿಂಗಳ ಕೂಸು. ಎರಡು ದಿನ ಭೇದಿಯಾಯಿತು. ಮೂರನೆಯ ದಿನ ಆಸ್ಪತ್ರೆಗೆ ಹೊರಟ ದೋಣಿ ಅರ್ಧದಾರಿಯಿಂದಲೇ ತಿರುಗಿ ಬಂತು.

ಎಸ್ಮೆರಾಲ್ದಾಸ್ ಕರಾವಳಿಯ ನಮ್ಮಲ್ಲಿ ಕೂಸು ಸತ್ತರೆ ಅಳುವುದಿಲ್ಲ. ಬಿಳಿ ಬಟ್ಟೆ ತೊಡಿಸಿ, ಕಾಗದದ ರೆಕ್ಕೆ ಕಟ್ಟಿ, ಡೋಲು ಬಡಿದು ಹಾಡುತ್ತೇವೆ. ಕೂಸು ದೇವದೂತನಾಗಿ ಮೇಲಕ್ಕೆ ಹಾರುತ್ತದೆ. ಕೆಳಗೆ ಯಾರಾದರೂ ಅತ್ತರೆ ಕಣ್ಣೀರಿಗೆ ರೆಕ್ಕೆ ಒದ್ದೆಯಾಗಿ ಹಾರಲಾಗದೆ ಬೀಳುತ್ತದೆ ಎನ್ನುತ್ತಾರೆ. ಹೈರೋನಿಗೂ ಹಾಗೇ ಹಾಡಿದೆವು. ಮುಂದೆ ನಿಂತು ಹಾಡಿದವಳು ಅವನ ಅಜ್ಜಿ ಪೆತಿತಾ. ಹೊಳೆಯುದ್ದಕ್ಕೂ ಯಾರ ಮನೆಯ ಕೂಸು ಸತ್ತರೂ ಹಾಡಲು ಅವಳನ್ನೇ ಕರೆಯುತ್ತಾರೆ. ಕೂಸಿನ ತಾಯಿ ರುಫೀನಾ ಒಂದು ಹನಿ ಕಣ್ಣೀರು ಹಾಕಲಿಲ್ಲ. ಸಾವಾದ ನಾಲ್ಕನೆಯ ದಿನ ಬೆಳಿಗ್ಗೆ ಬುಟ್ಟಿ ಹಿಡಿದು, ಚಿಪ್ಪುಮೀನು ಆರಿಸಲು ಉಳಿದ ಹೆಂಗಸರ ಜೊತೆ ಕೆಸರಿಗೆ ಇಳಿದಳು. ಅವಳೂ ಮಾತಾಡುತ್ತಿರಲಿಲ್ಲ. ಆದರೆ ದೊಡ್ಡವರ ಮೌನವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎಲೀದಾ ಮಾತು ಬಿಟ್ಟ ಒಂಬತ್ತನೆಯ ದಿನ ಆರೋಗ್ಯ ಕಾರ್ಯಕರ್ತೆ ನೆಲ್ಫಾ ಮನೆಗೆ ಬಂದಳು. ರುಫೀನಾ ಕೆಸರಿನಲ್ಲಿದ್ದಳು. ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಮಗು ಊಟ ಬಿಟ್ಟಿದೆಯಂತೆ ಅಜ್ಜಿ?"

"ಬೆಚ್ಚಿದೆ ಅಷ್ಟೇ. ಮೂರು ಸಲ ಸೊಪ್ಪಲ್ಲಿ ನಿವಾಳ್ಸಿದೀನಿ. ನೀನು ಆ ಮಾತ್ರೆ ಚೀಲ ಬಿಚ್ಬೇಡ."

"ಬಿಚ್ಚಲ್ಲ. ಅವಳನ್ನ ಯಾರಾದ್ರೂ ಕೇಳಿದೀರಾ?"

"ಏನಂತ?"

"ತಮ್ಮಂಗೆ ಏನಾಯ್ತು ಅಂತ ನಿಂಗನ್ಸುತ್ತೆ, ಅಂತ."

ಅಜ್ಜಿ ತುರಿಯುವುದನ್ನು ನಿಲ್ಲಿಸಿ ನಕ್ಕಳು. "ಕೇಳಿಸ್ಕೊಳ್ರಪ್ಪಾ! ಹಾಲುಹಲ್ಲಿನ್ನೂ ಉದುರಿಲ್ಲ, ಅದರ ಅಭಿಪ್ರಾಯ ಕೇಳ್ಬೇಕಂತೆ. ನಾಲ್ಕಕ್ಷರ ಕಲಿತೋರ ಪಾಡೇ ಇಷ್ಟು. ತಮ್ಮ ಹಾರ್ಹೋದ ಅಂತ ಹೇಳಾಗಿದೆ. ಮುಗೀತು."

"ಅವಳಿಗೂ ಮುಗೀತಾ ಅಂತ ನೋಡ್ತೀನಿ," ಎಂದು ನೆಲ್ಫಾ ಬಾಗಿಲಿಗೆ ಬಂದಳು.

ಮೆಟ್ಟಿಲು ಬರಿದಾಗಿತ್ತು.

ಕಂಬಗಳ ಮೇಲೆ ನಿಂತ ಮನೆಯ ಕೆಳಗಿಲ್ಲ. ಪಕ್ಕದ ಮನೆಗಳಲ್ಲಿಲ್ಲ. ಕೆಸರಿನ ಮೇಲೆ ಪುಟ್ಟ ಹೆಜ್ಜೆಗಳು ಮರಗಳ ಕಡೆಗೆ ಹೋಗಿದ್ದವು. ಇಳಿತ ಮುಗಿದು ನೀರು ತಿರುಗಿತ್ತು. ಬೇರುಗಳ ನಡುವೆ ಉಬ್ಬರ ಸದ್ದಿಲ್ಲದೆ ಏರುತ್ತಿತ್ತು. ನೆಲ್ಫಾಳ ಕೂಗಿಗೆ ಚಿಪ್ಪು ಆರಿಸುತ್ತಿದ್ದ ಹೆಂಗಸರೆಲ್ಲ ಬುಟ್ಟಿ ಬಿಸಾಡಿ ಓಡಿದರು. ಮಗಳನ್ನು ಮೊದಲು ಕಂಡವಳು ರುಫೀನಾ. ಎಲೀದಾ ತೊಡೆಯವರೆಗೆ ಕೆಸರಿನಲ್ಲಿ ಹೂತುಹೋಗಿದ್ದಳು. ನೀರು ಎದೆಗೆ ಬಂದಿತ್ತು. ಒಂದು ಬೇರನ್ನು ತಬ್ಬಿಕೊಂಡು ನಿಂತಿದ್ದಳು, ಕೂಗಿರಲಿಲ್ಲ.

ರುಫೀನಾ ಬೋರಲಾಗಿ ಮಲಗಿ, ಕೆಸರನ್ನು ಕೈಯಲ್ಲೇ ಬಗೆದು ಮಗಳನ್ನು ಎಳೆದಳು. ಹೊರಬಂದ ಹುಡುಗಿ ಒಂಬತ್ತು ದಿನದ ಮೇಲೆ ಬಾಯಿ ಬಿಟ್ಟಳು.

"ಸಿಗ್ಲಿಲ್ಲಮ್ಮ."

"ಯಾರೇ?"

"ಹೈರೋ. ಇಲ್ಲೇ ಎಲ್ಲೋ ಬಿದ್ದಿರ್ತಾನೆ. ನಾನು ಅತ್ಬಿಟ್ಟೆ ಅಮ್ಮ. ಹಾಡುವಾಗ ನೀರಿನ ಪೀಪಾಯಿ ಹಿಂದೆ ನಿಂತ್ಕೊಂಡು ಅತ್ತೆ. ಅಜ್ಜಿಗೆ ಹೇಳ್ಬೇಡ."

ಅಲ್ಲಿ ಹನ್ನೊಂದು ಹೆಂಗಸರು ನಿಂತಿದ್ದರು. ನಾನೂ ಒಬ್ಬಳು. ಅತ್ತರೆ ರೆಕ್ಕೆ ಒದ್ದೆಯಾಗುತ್ತದೆ ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಮಗುವಿಗೆ ಹೇಳಿದವರೇ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮನೆಗೆ ತಂದು ಮೈ ತೊಳೆದು ಬಟ್ಟೆ ಹೊದಿಸಿ ಕೂರಿಸಿದರು. ಅಜ್ಜಿಯ ಹೆದರಿಕೆ ಸಿಟ್ಟಾಗಿ ಹೊರಬಂತು.

"ಕಾಡೊಳಗೆ ಹೋದ್ರೆ ತುಂಡಾ ಹೊತ್ಕೊಂಡು ಹೋಗ್ತಾಳೆ ಅಂತ ದಿನಾ ಬಡ್ಕೊಂಡಿಲ್ವಾ ನಾನು? ಮಕ್ಕಳ್ನ ಕದಿಯೋ ಒಂಟಿಕಾಲಿನ ಹೆಂಗಸು ಅಂದ್ರೂ ಭಯ ಇಲ್ವಾ ನಿಂಗೆ?"

"ಭಯ ಇದೆ," ಎಂದಳು ಎಲೀದಾ. "ಅವಳು ಸಿಕ್ಕಿದ್ರೆ ಹೈರೋನ ಕೊಡು ಅಂತ ಕೇಳೋಣ ಅಂದ್ಕೊಂಡೆ."

ಅಜ್ಜಿ ಹೊದಿಸಿದ ಬಟ್ಟೆಯನ್ನು ಮಗುವಿನ ಕತ್ತಿನವರೆಗೆ ಎಳೆದಳು.

ನೆಲ್ಫಾ ಮೆಲ್ಲಗೆ ಹೇಳಿದಳು, "ತುಂಡಾ ಬಗ್ಗೆ ದಿನಾ ಹೇಳಿದೀರಿ ಅಜ್ಜಿ. ಉಬ್ಬರದ ಬಗ್ಗೆ ಹೇಳಿದೀರಾ? ನೀರು ಯಾವಾಗ ತಿರುಗುತ್ತೆ, ಕೆಸರು ಕಾಲನ್ನ ಹೇಗೆ ಹಿಡಿಯುತ್ತೆ ಅಂತ? ನಿಜವಾದ ಅಪಾಯ ಅವಳಿಗೆ ಗೊತ್ತೇ ಇರ್ಲಿಲ್ಲ."

"ಅಂದ್ರೆ ನಾನು ಸುಳ್ಳುಗಾತಿ ಅಂತೀಯಾ? ನನ್ನ ಹಾಡೆಲ್ಲ ಸುಳ್ಳಾ?" ಅಜ್ಜಿಯ ದನಿ ಏರಿತು, ನಡುವೆಯೇ ಇಳಿಯಿತು. "ನಂದೇ ಮೂರು ಕೂಸು ಹಾಡಿ ಕಳ್ಸಿದೀನಿ. ಒಂದಕ್ಕೂ ಅಳ್ಲಿಲ್ಲ. ಅವು ಎಲ್ಲಿಗೂ ಹೋಗ್ಲಿಲ್ಲ ಅಂತೀಯಾ ನೀನು?"

ನೆಲ್ಫಾ ಮಾತ್ರೆ ಚೀಲವನ್ನು ಪಕ್ಕಕ್ಕಿಟ್ಟು ಅಜ್ಜಿಯ ಹತ್ತಿರ ಕೂತಳು.

"ಎಲ್ಲಿಗೆ ಹೋದ್ರು ಅಂತ ನಾನು ಹೇಳಲಾರೆ ಅಜ್ಜಿ," ಎಂದಳು. "ದೇವರ ಹತ್ರ ಇದಾರೆ ಅಂತ ನೀವು ನಂಬ್ತೀರಿ. ಅದನ್ನ ನಂಬಿಕೆ ಅಂತಾನೇ ಅವಳಿಗೆ ಹೇಳಿ. ಹಾಡನ್ನ ಹಾಡು ಅಂತ ಹೇಳಿ. ಯಾವುದು ಹಾಡು, ಯಾವುದು ನಿಜ ಅಂತ ನಮಗೆ ಗೊತ್ತು. ಅವಳಿಗೆ ಯಾರೂ ಹೇಳ್ಲಿಲ್ಲ. ಅವಳು ಹಾಡನ್ನ ಸುದ್ದಿ ಅಂದ್ಕೊಂಡು ಕೆಸರಿಗೆ ಇಳಿದ್ಲು."

"ಸತ್ತ ಅನ್ನೋ ಮಾತನ್ನ ಮಗು ಮುಂದೆ ಆಡೋದಾ?"

"ಅದಕ್ಕಿಂತ ಭಾರದ್ದು ಹೊತ್ಕೊಂಡಿದಾಳಲ್ಲ. ತಮ್ಮನ್ನ ತಾನೇ ಬೀಳಿಸಿದೆ ಅಂತ."

ಆಗ ರುಫೀನಾ ಮಗಳ ಎದುರು ಕೂತಳು. ಉಗುರುಗಳಲ್ಲಿ ಇನ್ನೂ ಕೆಸರಿತ್ತು.

"ಇಲ್ನೋಡು ಮಗಾ. ಆ ರೆಕ್ಕೆ ಮಾಡಿದ್ದು ನಾನು. ಬಿಳಿ ಕಾಗದ ಕತ್ತರಿಸಿ, ಗೋಂದು ಹಚ್ಚಿ ಮಾಡಿದ್ದು. ಚೆನ್ನಾಗಿ ಕಾಣ್ಲಿ ಅಂತ. ಅದರಲ್ಲಿ ಹಾರೋಕಾಗಲ್ಲ."

"ಒಣಗಿದ್ರೂ?"

"ಒಣಗಿದ್ರೂ. ಹೈರೋ ಹಾರ್ಲಿಲ್ಲ. ಬೀಳ್ಲೂ ಇಲ್ಲ. ಹೈರೋ ಸತ್ತುಹೋದ. ಭೇದಿಯಾಗಿ ಮೈಯಲ್ಲಿದ್ದ ನೀರೆಲ್ಲ ಹೋಯ್ತು. ಉಸಿರು ನಿಂತ್ಹೋಯ್ತು. ದಿಬ್ಬದ ಮೇಲೆ ಮಣ್ಣಲ್ಲಿ ಮಲಗಿಸಿದೀವಿ." ಅಲ್ಲಿಗೆ ತಡೆದು ತಿದ್ದಿಕೊಂಡಳು. "ಮಲಗಿಸಿಲ್ಲ. ಹೂಳಿದೀವಿ. ನಿದ್ದೆ ಅಲ್ಲ ಅದು. ನೀನು ಅತ್ತಿದ್ದಕ್ಕೆ ಏನೂ ಆಗಿಲ್ಲ."

"ಅವನಿಗೆ ಚಳಿ ಆಗ್ತಿದೆಯಾ?"

"ಸತ್ತೋರಿಗೆ ಚಳಿ ಆಗಲ್ಲ. ನೋವಾಗಲ್ಲ. ಹಸಿವೂ ಇಲ್ಲ."

"ವಾಪಸ್ ಬರ್ತಾನಾ?"

ರುಫೀನಾ ಅಜ್ಜಿಯ ಕಡೆ ನೋಡಿದಳು, ನೆಲ್ಫಾಳ ಕಡೆ ನೋಡಿದಳು. ಈ ಉತ್ತರವನ್ನು ಅವಳ ಬದಲು ಹೇಳುವವರು ಯಾರೂ ಇರಲಿಲ್ಲ.

"ಬರಲ್ಲ," ಎಂದಳು.

ಆ ಮಾತನ್ನು ಅವಳೂ ಮೊದಲ ಸಲ ಕೇಳಿಸಿಕೊಂಡಂತಿತ್ತು. ಹತ್ತು ದಿನ ತಡೆದ ಅಳು ಒಮ್ಮೆಗೇ ಒಡೆಯಿತು. ಎಲೀದಾ ಗಾಬರಿಯಿಂದ ಎದ್ದು ತನ್ನ ಎರಡೂ ಅಂಗೈಗಳನ್ನು ತಾಯಿಯ ಕಣ್ಣಿಗೆ ಒತ್ತಿ ಹಿಡಿದಳು, ಒಂದು ಹನಿಯೂ ಹೊರಬೀಳದ ಹಾಗೆ.

ಮಗುವಿನ ಕೈಗಳನ್ನು ಬಿಡಿಸಿದವಳು ಪೆತಿತಾ ಅಜ್ಜಿ.

"ಬಿಡು ಪುಟ್ಟಿ. ಅಳ್ಲಿ. ಏನೂ ಒದ್ದೆಯಾಗಲ್ಲ. ನೀನೂ ಅಳು," ಎಂದಳು. ಅವಳು ಅಳಲಿಲ್ಲ, ಅದು ಅವಳಿಗೆ ಮರೆತೇ ಹೋಗಿತ್ತೋ ಏನೋ. ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಇದಾಗಿ ಏಳು ತಿಂಗಳಾಯಿತು. ಅಜ್ಜಿ ಈಗಲೂ ಕಥೆ ಹೇಳುತ್ತಾಳೆ. ಕಥೆ ಮುಗಿದ ಮೇಲೆ ಅಜ್ಜಿ ಮೊಮ್ಮಗಳು ಒಂದು ಆಟ ಆಡುತ್ತಾರೆ, ನೆಲ್ಫಾ ಕಲಿಸಿಕೊಟ್ಟದ್ದು.

"ತುಂಡಾ?"

"ಕಥೆ!"

"ಉಬ್ಬರ?"

"ನಿಜ. ಅಮ್ಮ ಇಲ್ದೆ ಕೆಸರಿಗೆ ಇಳಿಯೋ ಹಾಗಿಲ್ಲ."

"ಮೊಸಳೆ?"

"ನಿಜ. ಆದ್ರೆ ಮಾತಾಡೋ ಮೊಸಳೆ ಕಥೆ."

"ಅಜ್ಜಿ ಹಲ್ಲು?"

"ಮೇಲೆ ಕಟ್ಟಿಸ್ಕೊಂಡಿದ್ದು ಕಥೆ, ಕೆಳಗಿಂದು ನಿಜ!"

"ಅಯ್ಯೋ ನಿನ್ನ ಬಾಯಿಗೆ ಏಡಿ ಕಚ್ಚ!" ಎಂದು ಅಜ್ಜಿ ನಗುತ್ತಾಳೆ. ಕೆಲವು ದಿನ ಆಟದ ನಡುವೆಯೇ ಎಲೀದಾ ಸುಮ್ಮನಾಗಿ, "ಹೈರೋ ಬರ್ತಾನಾ?" ಎಂದು ಕೇಳುತ್ತಾಳೆ. "ಇಲ್ಲ ಪುಟ್ಟಿ, ಸತ್ತೋರು ಬರಲ್ಲ," ಎಂದು ಅಜ್ಜಿ ಹೇಳುತ್ತಾಳೆ. ಮೇಲಿನ ಕೇರಿಯಲ್ಲಿ ಮತ್ತೊಂದು ಕೂಸು ಸತ್ತಾಗ ಹಾಡಲು ಹೋದವಳು, ಡೋಲು ಶುರುವಾಗುವ ಮೊದಲು ಆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಏನಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಆಮೇಲೆ ಹಾಡಿದಳಂತೆ.

ಓದುತ್ತಿರುವ ತಾಯಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ಮಕ್ಕಳಿಗೆ ಕಥೆ ಹೇಳುವುದನ್ನು ಬಿಡಬೇಡಿ. ಕಥೆ ಇಲ್ಲದ ಬಾಲ್ಯ ಬರಡು. ಆದರೆ ಅದು ಕಥೆ ಎಂದು ಅವರಿಗೆ ತಿಳಿದಿರಲಿ. ಮಕ್ಕಳನ್ನು ಅಪಾಯದಿಂದ ದೂರ ಇಡಬೇಕಾದರೆ ಭೂತವನ್ನು ಕರೆಯಬೇಡಿ. ನೀರು, ಬೆಂಕಿ, ಹಾವು, ಏನಿದೆಯೋ ಅದನ್ನೇ ತೋರಿಸಿ. ಮನೆಯಲ್ಲಿ ಸಾವಾದರೆ "ನಿದ್ದೆ ಮಾಡ್ತಿದಾರೆ", "ಊರಿಗೆ ಹೋಗಿದಾರೆ" ಎನ್ನಬೇಡಿ. ಮಗು ಏನೆಂದು ತಿಳಿದುಕೊಂಡಿದೆ ಎಂದು ಕೇಳಿ. ತಪ್ಪು ತನ್ನದೆಂದು ಅದು ಒಳಗೊಳಗೇ ನಂಬಿರಬಹುದು. ಅದರ ತಪ್ಪಲ್ಲ ಎಂದು ಬಾಯಿ ಬಿಟ್ಟು ಹೇಳಿ. ಒಂದು ಸಲ ಹೇಳಿದರೆ ಸಾಲುವುದಿಲ್ಲ. ನಾಳೆಯೂ ಕೇಳುತ್ತದೆ, ಮುಂದಿನ ವರ್ಷವೂ ಕೇಳುತ್ತದೆ. ಆಗಲೂ ನಿಜವನ್ನೇ ಹೇಳಿ. ಹೇಳುವಾಗ ದನಿ ನಡುಗಿದರೆ ನಡುಗಲಿ.